ನಿದ್ದೆ ಮಾಡದ ಐದು ಪೆಟ್ಟಿಗೆಗಳು

ತಪ್ಪೇ ಇಲ್ಲದ ವರದಿ ಕಂಡರೆ ನನಗೆ ಮಂಡೆಬಿಸಿ ಶುರುವಾಗುತ್ತದೆ. ಇಪ್ಪತ್ತಾರು ವರ್ಷ ಪ್ರೋಗ್ರಾಂ ಬರೆದು ಅಂಟಿಸಿಕೊಂಡ ರೋಗ ಇದು. ಆ ಬುಧವಾರ ಬೆಳಿಗ್ಗೆ ಕೋಡಿಕಟ್ಟೆ ಬಂದರಿನ ಕಾವಲು ಕೊಠಡಿಯಲ್ಲಿ ಚಾ ಲೋಟ ಹಿಡಿದು ಪರದೆಯ ಮುಂದೆ ಕೂತಾಗ ಐದು ಬೋಟುಗಳ ಸಾಲು ಪೂರ್ತಿ ಹಸಿರಾಗಿತ್ತು. ಎಂಟು ದಿನದಿಂದ ಕಡಲಲ್ಲಿದ್ದ ಆ ಐದು ಬೋಟುಗಳ ಪೆಟ್ಟಿಗೆಗಳು ಒಂದೇ ಒಂದು ಸಲವೂ ನಿದ್ದೆ ಮಾಡಿರಲಿಲ್ಲ.

“ನೋಡಿ ಅಕ್ಕ, ಎಷ್ಟು ಚಂದ ಉಂಟು! ಅಂತೂ ನಮ್ಮವರು ಸರಿಯಾದ್ರು,” ಎಂದಳು ಮುಮ್ತಾಜ್. ನನ್ನ ಕೈಕೆಳಗೆ ಕೆಲಸ ಮಾಡುವ ಎಂಜಿನಿಯರ್ ಅವಳು. ಮೂವತ್ತು ದಾಟಿಲ್ಲ, ಆದರೆ ಕೆಲಸದಲ್ಲಿ ಭಾರೀ ಚುರುಕು.

“ಸರಿಯಾಗುದು? ಇವರು? ಸುಮ್ನಿರು ಮಾರಾಯ್ತಿ.”

ಪೆಟ್ಟಿಗೆ ಎಂದರೆ ಏನೆಂದು ಹೇಳಿಬಿಡುತ್ತೇನೆ. ಕಡಲು ಬಿಸಿಯಾಗಿ ಕುರುಡುಗಾಳಿ ಬೀಸತೊಡಗಿ ಒಂಬತ್ತು ವರ್ಷವಾಯಿತು. ಮೋಡವಿಲ್ಲ, ಗುಡುಗಿಲ್ಲ, ಆಕಾಶ ತೊಳೆದಿಟ್ಟ ಹಾಗೆ ನೀಲಿಯಾಗಿರುವಾಗಲೇ ಬರುವ ಗಾಳಿ ಅದು. ಮೊದಲ ವರ್ಷವೇ ನಮ್ಮ ಬಂದರಿನ ಮೂರು ಬೋಟುಗಳನ್ನು ನುಂಗಿತು. ಹಳೆಯ ತಾಂಡೇಲರು ಮೋಡ ನೋಡಿ, ನೀರಿನ ಬಣ್ಣ ನೋಡಿ ಬೋಟು ನಡೆಸುತ್ತಿದ್ದವರು. ಅವರ ವಿದ್ಯೆಯೆಲ್ಲ ಈ ಗಾಳಿಯ ಮುಂದೆ ನೀರುಪಾಲಾಯಿತು. ಆಮೇಲೆ ದೂರದ ಕಡಲಲ್ಲಿ ಗಾಳಿಯನ್ನು ಅಳೆಯುವ ತೇಲುಬುರುಡೆಗಳನ್ನು ಬಿಟ್ಟರು. ಪ್ರತಿ ಬೋಟಿನ ಕ್ಯಾಬಿನ್ ಮೇಲೆ ಟಿಫಿನ್ ಡಬ್ಬಿಯಷ್ಟು ದೊಡ್ಡ ಕಂಪ್ಯೂಟರ್ ಕೂರಿಸಿದರು. ಗಾಳಿಯ ಎಚ್ಚರಿಕೆ ಬರುವುದು ಆ ಪೆಟ್ಟಿಗೆಗೆ ಮಾತ್ರ. ಅದರ ಪ್ರೋಗ್ರಾಂ ಬರೆದವಳು ನಾನು, ಜಲಜಾಕ್ಷಿ ಕುಂದರ್.

ಈಗ ನಮ್ಮವರ ಬುದ್ಧಿ ಕೇಳಿ. ಒಳ್ಳೆಯ ಮೀನು ಸಿಕ್ಕಿದ ಜಾಗವನ್ನು ಇವರು ಒಡಹುಟ್ಟಿದವನಿಗೂ ಹೇಳುವುದಿಲ್ಲ. ಪೆಟ್ಟಿಗೆ ಜಾಗ ತೋರಿಸುತ್ತದಲ್ಲ, ಮತ್ತೊಬ್ಬನು ಹೇಗಾದರೂ ಕದ್ದು ನೋಡಿಯಾನು ಎಂಬ ಗುಮಾನಿ. ಅದಕ್ಕೆ ವಯರ್‌ಲೆಸ್ ಬಂದ್ ಮಾಡಿ, ಪೆಟ್ಟಿಗೆಯ ಮೇಲೆ ಗಂಜಿಯ ಪಾತ್ರೆ ಕವುಚಿ ಹಾಕುತ್ತಾರೆ. ಉಪಗ್ರಹ ಕಾಣದಿದ್ದರೆ ಪೆಟ್ಟಿಗೆ ಬ್ಯಾಟರಿ ಉಳಿಸಲು ಮಲಗಿಬಿಡುತ್ತದೆ. ಮಲಗಿದ ಪೆಟ್ಟಿಗೆಗೆ ಎಚ್ಚರಿಕೆ ಕೇಳಿಸುವುದಿಲ್ಲ. ಹಾಗಾಗಿ ಸಹಕಾರ ಸಂಘ ಒಂದು ನಿಯಮ ತಂದಿತು: ಒಂದು ಸಲ ಕಡಲಿಗೆ ಹೋದರೆ ಮೂರು ನಿದ್ದೆ ಮಾಫಿ, ನಾಲ್ಕನೆಯದಾದರೆ ಬೋಟನ್ನು ಒಂದು ವಾರ ದಕ್ಕೆಯಲ್ಲಿ, ಅಂದರೆ ಬಂದರಿನ ಕಟ್ಟೆಯಲ್ಲಿ, ಕಟ್ಟಿಹಾಕಬೇಕು.

ಪೆಟ್ಟಿಗೆ ಮಲಗಿತ್ತೆಂದು ಗೊತ್ತಾಗುವುದು ಹೇಗೆ? ಮಲಗಿದವನಿಗೆ ತಾನು ಮಲಗಿದ್ದು ಗೊತ್ತಿರುವುದಿಲ್ಲ, ಎದ್ದು ಗಡಿಯಾರ ನೋಡಿದರೆ ತಾನೇ ತಿಳಿಯುವುದು? ಕಂಪ್ಯೂಟರಿಗೂ ಅಷ್ಟೇ. ನಮ್ಮ ಪೆಟ್ಟಿಗೆ ಎರಡು ಸೆಕೆಂಡಿಗೊಮ್ಮೆ ಸಮಯದ ಗುರುತು ಹಾಕುತ್ತಿರುತ್ತದೆ. ಹೊಸ ಗುರುತಿಗೂ ಹಿಂದಿನದಕ್ಕೂ ನಡುವೆ ಹತ್ತು ಸೆಕೆಂಡಿಗಿಂತ ಹೆಚ್ಚು ಅಂತರ ಕಂಡರೆ, ಓಹೋ ನಾನು ಮಲಗಿದ್ದೆ ಎಂದು ಬರೆದುಕೊಳ್ಳುತ್ತದೆ. ಆಗ ಮಾತ್ರ ಉಪಗ್ರಹವನ್ನು ಕೇಳಿ ಸಮಯ ಸರಿಮಾಡಿಕೊಳ್ಳುತ್ತದೆ, ಎಂಜಿನ್, ತಳದ ನೀರು ಎಲ್ಲವನ್ನೂ ಮತ್ತೊಮ್ಮೆ ಪರೀಕ್ಷಿಸುತ್ತದೆ. ದಡದಿಂದ ಯಾರೂ ಗಡಿಯಾರ ತಿದ್ದುವ ಹಾಗಿಲ್ಲ. ಆ ಬಾಗಿಲನ್ನು ನಾನೇ ಮುಚ್ಚಿಸಿದ್ದೆ, ಏಕೆಂದರೆ ದಡದಲ್ಲಿರುವವರ ಮೇಲೆ ನನಗೆ ಅಷ್ಟೊಂದು ನಂಬಿಕೆ ಇಲ್ಲ.

ಅರುವತ್ತೆರಡು ಬೋಟುಗಳಲ್ಲಿ ಐವತ್ತೇಳರ ಪೆಟ್ಟಿಗೆಗಳು ಎರಡೋ ಮೂರೋ ಸಲ ಮಲಗಿ ಎದ್ದಿದ್ದವು. ಅದು ಸಹಜ. ಈ ಐದು ಮಾತ್ರ ಕಣ್ಣೇ ಮುಚ್ಚಿಲ್ಲ ಎಂದರೆ ಯಾರೋ ಒಳಗೆ ಕೈಯಾಡಿಸಿದ್ದಾರೆ. ಯಾರು? ಹೆಸರುಗಳ ಮೇಲೆ ಕಣ್ಣು ಓಡಿಸಿದೆ. ಮೂರನೆಯದು ‘ಸಮುದ್ರ ನೂರ್’, ಮುಮ್ತಾಜಳ ಅಣ್ಣ ರಫೀಕನ ಬೋಟು. ಐದನೆಯದು ‘ಜಲದುರ್ಗೆ’. ಅದರ ತಾಂಡೇಲ ಭೋಜ ಕುಂದರ್, ಅಂದರೆ ನನ್ನ ಗಂಡ.

ನನ್ನ ಗಂಡನ ಹೆಸರನ್ನು ನಾನು ದಾಟಿಹೋದೆ. ಅವರಿಗೆ ಮೊಬೈಲಿನಲ್ಲಿ ಅಲಾರಾಂ ಇಡಲೂ ನಾನೇ ಬೇಕು. ಆದರೆ ಮುಮ್ತಾಜ್? ಪೆಟ್ಟಿಗೆಯ ಒಳಹೊರಗು ನನ್ನಷ್ಟೇ ತಿಳಿದವಳು ಅವಳೊಬ್ಬಳೇ.

“ರಫೀಕ್ ಹೋಗುವ ಮೊದಲು ನೀನು ಅವನ ಪೆಟ್ಟಿಗೆ ನೋಡಿದ್ಯಾ?” ಎಂದು ಸುಮ್ಮನೆ ಕೇಳಿದ ಹಾಗೆ ಕೇಳಿದೆ.

“ಇಲ್ಲ ಅಕ್ಕ. ಯಾಕೆ?”

“ಎಂತದೂ ಇಲ್ಲ.”

ಅವಳು ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ ಪರದೆಯ ಕಡೆ ತಿರುಗಿದಳು. ಆ ನೋಟ ನನಗೆ ಹಿಡಿಸಲಿಲ್ಲ. ಅಷ್ಟರಲ್ಲಿ ನಮ್ಮ ಮೇಲಧಿಕಾರಿ ಶ್ರೀಪತಿ ಭಟ್ಟರು ಬಂದು, “ಭೇಷ್, ಭೇಷ್! ಈ ಐದರ ಪಟ್ಟಿ ಪ್ರತ್ಯೇಕ ಮಾಡಿಕೊಡಿ, ಮೇಲಿನವರಿಗೆ ತೋರಿಸುವ,” ಎಂದರು. ಇವರೇ ಏನಾದರೂ ಲೆಕ್ಕ ಚಂದ ಕಾಣಿಸಲು ಮಾಡಿಸಿದರೋ ಎಂದು ಅವರ ಮೇಲೂ ಒಂದು ಕಣ್ಣಿಟ್ಟೆ.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದೆ. ಬಂದರಿನಿಂದ ಐದು ನಿಮಿಷದ ದಾರಿ. ಅಡುಗೆಮನೆಯಲ್ಲಿ ಅತ್ತೆ ಎರಡು ಒಲೆಗಳಲ್ಲಿ ಎರಡು ಸಣ್ಣ ಪಾತ್ರೆ ಇಟ್ಟು ಕುಚ್ಚಲಕ್ಕಿ ಬೇಯಿಸುತ್ತಿದ್ದರು. ನಾಳೆ ನಾದಿನಿಯ ಮನೆಯವರು ಬರುವವರಿದ್ದರು, ಅದರ ತಯಾರಿಯ ಗಡಿಬಿಡಿ.

“ಎರಡೆರಡು ಪಾತ್ರೆ ಯಾಕೆ ಅತ್ತೆ? ದೊಡ್ಡದು ಎಲ್ಲುಂಟು?”

“ನಿನ್ನ ಗಂಡನತ್ರ ಕೇಳು. ತಕೊಂಡು ಹೋಗಿದ್ದಾನೆ. ನನ್ನ ಊದುಬತ್ತಿ ಕಟ್ಟು ಸಮೇತ ತಕೊಂಡು ಹೋಗಿದ್ದಾನೆ. ದಿನಾ ಸೂರ್ಯ ಕಂಡ ಕೂಡಲೆ ಎಂಜಿನ್ ಇಳಿಸಿ ಊದುಬತ್ತಿ ಹಚ್ಚುದು ಅವನ ಅಪ್ಪನ ಕ್ರಮ, ಅದು ಸರಿ. ಆದ್ರೆ ಪಾತ್ರೆ ಯಾಕೆ?”

“ಬೋಟಲ್ಲಿ ಗಂಜಿಗೆ ಪಾತ್ರೆ ಇಲ್ವಾ?”

“ಉಂಟು. ಅದು ಸಣ್ಣದಾಗ್ತದಂತೆ. ಇದು ಪೆಟ್ಟಿಗೆಗೆ ಸಮ ಕೂತ್ಕೊಳ್ತದಂತೆ.”

ಕಲಸಿದ ತುತ್ತು ನನ್ನ ಕೈಯಲ್ಲೇ ಉಳಿಯಿತು. ಪೆಟ್ಟಿಗೆಗೆ ಸಮ ಕೂರುವ ಪಾತ್ರೆ! ಅಂದರೆ ಜಲದುರ್ಗೆಯ ಪೆಟ್ಟಿಗೆ ಮಲಗಿದೆ. ಮಲಗಿದ್ದು ಅದಕ್ಕೆ ಗೊತ್ತಿಲ್ಲ. ಹಾಗೆ ಆಗಬೇಕಾದರೆ ಒಂದೇ ದಾರಿ ಇತ್ತು, ಮತ್ತು ಆ ದಾರಿಯನ್ನು ಮಾಡಿಟ್ಟವಳು ನಾನೇ.

ಒಂದು ತಿಂಗಳ ಹಿಂದಿನ ಭಾನುವಾರ. ಪರೀಕ್ಷೆ ಮಾಡಲೆಂದು ಒಂದು ಪೆಟ್ಟಿಗೆಯನ್ನು ಮನೆಗೆ ತಂದು ಇದೇ ಅಡುಗೆಮನೆಯ ಮೇಜಿನ ಮೇಲೆ ಇಟ್ಟುಕೊಂಡಿದ್ದೆ. ಪೆಟ್ಟಿಗೆಯನ್ನು ಮಲಗಿಸಿ ಎಬ್ಬಿಸಿದಾಗಲೆಲ್ಲ ಅದು ಎಂಟು ನಿಮಿಷದ ತಪಾಸಣೆಗೆ ಕೂರುತ್ತದೆ. ಅದನ್ನು ಕಾಯಲು ಬೇಸರವಾಗಿ ನಾನು ಹಿಂದೆಯೇ ಒಂದು ಅಡ್ಡದಾರಿ ಮಾಡಿಟ್ಟುಕೊಂಡಿದ್ದೆ: ಎದ್ದ ತಕ್ಷಣ ಗುಂಡಿಯನ್ನು ಮೂರು ಸಲ ಒತ್ತಿದರೆ ಗಡಿಯಾರ ಹಿಂದಿನ ಗುರುತಿನಿಂದಲೇ ಮುಂದುವರಿಯುತ್ತದೆ. ನಡುವಿನ ಹೊತ್ತು ಇರಲೇ ಇಲ್ಲ ಎಂಬಂತೆ. ಬೋಟುಗಳಿಗೆ ಕೊಡುವ ಮೊದಲು ಅದನ್ನು ತೆಗೆದುಹಾಕಬೇಕಿತ್ತು. ನಾಳೆ ತೆಗೆದರಾಯಿತು ಎಂದು ಬಿಟ್ಟದ್ದು ಹಾಗೆಯೇ ಉಳಿದಿತ್ತು. ಮೇಜಿನ ಆಚೆ ಬದಿಯಲ್ಲಿ ನನ್ನ ಗಂಡ ಬಂಗುಡೆ ಮೀನಿನ ಹೊಟ್ಟೆ ಬಗೆಯುತ್ತ ಕೂತಿದ್ದರು.

“ಅದೆಂತ ಮೂರು ಮೂರು ಸಲ ಒತ್ತುದು?” ಎಂದು ಕೇಳಿದ್ದರು.

ಪಾಪ, ನನ್ನ ಕೆಲಸದಲ್ಲಿ ಇವರಿಗೂ ಆಸಕ್ತಿ ಬಂತಲ್ಲ ಎಂದು ಹಿಗ್ಗಿಹೋಗಿ ನಾನು ಬಾಲವಾಡಿಯ ಟೀಚರಿನ ಹಾಗೆ ಬಿಡಿಸಿ ಬಿಡಿಸಿ ಹೇಳಿದ್ದೆ. ಎಂಥ ಹೆಡ್ಡಿ ನಾನು! ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ಆ ಮನುಷ್ಯ ನನ್ನ ಕೆಲಸದ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು. ಆಗಲೇ ಅನುಮಾನ ಬರಬೇಕಿತ್ತು.

ಊಟ ಬಿಟ್ಟು ಎದ್ದೆ. ಕಚೇರಿಗೆ ಹೋಗಿ ಭಟ್ಟರಿಗೆ ಹೇಳುವುದು ಸರಿಯಾದ ಕ್ರಮ. ಹೇಳಿದರೆ ಐದು ಬೋಟುಗಳೂ ದಕ್ಕೆಯಲ್ಲಿ ಬೀಳುತ್ತವೆ. ಜಲಜಾಕ್ಷಿಯ ಗಂಡ ಜಲಜಾಕ್ಷಿಯ ಪೆಟ್ಟಿಗೆಗೇ ಮೋಸ ಮಾಡಿದ ಎಂದು ಮೀನು ಮಾರ್ಕೆಟ್ಟಿನ ಹೆಂಗಸರೆಲ್ಲ ನಗುತ್ತಾರೆ. ಅಡ್ಡದಾರಿ ಬಿಟ್ಟವಳು ಯಾರು ಎಂಬ ಪ್ರಶ್ನೆಯೂ ಬರುತ್ತದೆ. ಇನ್ನೆರಡು ದಿನಕ್ಕೆ ಬೋಟು ಬರುತ್ತದಲ್ಲ, ಬರಲಿ, ಮೊದಲು ಮನೆಯಲ್ಲೇ ವಿಚಾರಿಸಿಕೊಳ್ಳುತ್ತೇನೆ ಎಂದು ಬಾಯಿಗೆ ಬೀಗ ಹಾಕಿಕೊಂಡೆ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ಆಗ ನನಗೆ ಇದ್ದದ್ದು ಮರ್ಯಾದೆಯ ಚಿಂತೆ ಮಾತ್ರ. ಮೂರು ಸಲ ಒತ್ತಿದಾಗಲೆಲ್ಲ ಆ ಪೆಟ್ಟಿಗೆಯ ಗಡಿಯಾರ ಅಷ್ಟಷ್ಟೇ ಹಿಂದೆ ಬೀಳುತ್ತ ಹೋಗುತ್ತದೆ ಎಂಬುದು ತಲೆಗೆ ಹೊಳೆಯಲೇ ಇಲ್ಲ.

ಗುರುವಾರ ಬೆಳಿಗ್ಗೆ ಹನ್ನೊಂದೂವರೆಗೆ ಕಾವಲು ಕೊಠಡಿಯ ಗಂಟೆ ಬಡಿಯಿತು. ದೂರದ ಬುರುಡೆಗಳು ಕುರುಡುಗಾಳಿಯನ್ನು ಹಿಡಿದಿದ್ದವು. ನಮ್ಮ ಅಳಿವೆ ಬಾಗಿಲಿಗೆ, ಅಂದರೆ ಹೊಳೆ ಕಡಲಿಗೆ ಸೇರುವಲ್ಲಿ ಬೋಟುಗಳು ಒಳಬರುವ ಇಕ್ಕಟ್ಟಿನ ದಾರಿಗೆ, ಗಾಳಿ ಮಧ್ಯಾಹ್ನ ಎರಡೂವರೆಗೆ ತಲುಪುತ್ತದೆ. ಅಷ್ಟರೊಳಗೆ ಒಳಗೆ ಬಂದವರು ಉಳಿದರು. ಗಾಳಿಯಲ್ಲಿ ಅಳಿವೆ ದಾಟಲು ಹೋದ ಯಾವ ಬೋಟೂ ಈವರೆಗೆ ನೆಟ್ಟಗೆ ಒಳಗೆ ಬಂದದ್ದಿಲ್ಲ.

ಭಟ್ಟರು ಎಚ್ಚರಿಕೆ ಬಿಟ್ಟರು. ಪೆಟ್ಟಿಗೆಯಲ್ಲಿ ಅದು ಕೆಂಪು ದೀಪವಾಗಿ, ಸೈರನ್ ಆಗಿ, ಒಂದು ಅಂಕಿಯಾಗಿ ಕಾಣುತ್ತದೆ: ಇನ್ನು ಇಷ್ಟು ಗಂಟೆ, ಇಷ್ಟು ನಿಮಿಷ. ಮೊದಲು ನಾವು ಗಾಳಿ ಬರುವ ಸಮಯವನ್ನೇ ತೋರಿಸುತ್ತಿದ್ದೆವು. ಒಬ್ಬ ತಾಂಡೇಲ ಹದಿನಾಲ್ಕೂವರೆ ಎಂಬುದನ್ನು ನಾಲ್ಕೂವರೆ ಎಂದು ಓದಿ ನಿಧಾನವಾಗಿ ಬಂದು ಅಳಿವೆಯಲ್ಲಿ ಮಗುಚಿದ. ಆಮೇಲೆ ನಾನೇ, ಯಾರಿಗೂ ಗೊಂದಲ ಬೇಡ ಎಂದು, ಉಳಿದ ಹೊತ್ತು ಎಷ್ಟೆಂದು ಮಾತ್ರ ತೋರಿಸುವಂತೆ ಬದಲಾಯಿಸಿದೆ. ಉಳಿದ ಹೊತ್ತನ್ನು ಪೆಟ್ಟಿಗೆ ತನ್ನ ಗಡಿಯಾರ ನೋಡಿ ಲೆಕ್ಕ ಹಾಕುತ್ತದೆ.

ಬೋಟುಗಳಿಂದ ‘ತಲುಪಿತು’ ಎಂಬ ಉತ್ತರ ಸಾಲಾಗಿ ಬರತೊಡಗಿತು. ಹನ್ನೊಂದು ಮೂವತ್ತೆರಡು, ಹನ್ನೊಂದು ಮೂವತ್ತೆರಡು, ಹನ್ನೊಂದು ಮೂವತ್ತಮೂರು. ಆಮೇಲೆ ‘ಸಮುದ್ರ ನೂರ್’ನ ಸಾಲು ಬಂತು. ತಲುಪಿತು, ಬೆಳಿಗ್ಗೆ ಒಂಬತ್ತು ಇಪ್ಪತ್ತು.

“ಇದೆಂತ ಅಕ್ಕ?” ಮುಮ್ತಾಜ್ ಪಿಸುಗುಟ್ಟಿದಳು. “ನಾವು ಕಳಿಸಿದ್ದು ಈಗ. ಇವರಿಗೆ ಒಂಬತ್ತು ಇಪ್ಪತ್ತಕ್ಕೇ ತಲುಪುದು ಹೇಗೆ?”

ಆ ಸಾಲನ್ನು ಮತ್ತೊಮ್ಮೆ ಓದಿದೆ. ಕಳುಹಿಸುವ ಮೊದಲೇ ಬಂದ ಉತ್ತರ! ಆ ಪೆಟ್ಟಿಗೆಯ ಗಡಿಯಾರ ಎರಡು ಗಂಟೆ ಹನ್ನೆರಡು ನಿಮಿಷ ಹಿಂದಿದೆ. ಹಾಗಾದರೆ ಈಗ ರಫೀಕನ ಕಣ್ಣ ಮುಂದೆ ಇರುವ ಅಂಕಿ ಮೂರು ಗಂಟೆಯಲ್ಲ, ಐದು ಗಂಟೆ ದಾಟಿದೆ. ಅವನು ಆರಾಮವಾಗಿ ಬಲೆ ಎಳೆಯುತ್ತ ಇರುತ್ತಾನೆ.

“ಮುಮ್ತಾಜ್, ಆ ಐದು ಬೋಟು ತೆಗಿ. ಬೇಗ!”

ನಾಲ್ಕು ಬೋಟುಗಳ ಉತ್ತರಗಳೂ ಹಾಗೆಯೇ ಇದ್ದವು, ಒಂದೊಂದೂ ಬೇರೆ ಬೇರೆ ಹಳೆಯ ಹೊತ್ತಿನವು. ಮೀನಿನ ಜಾಗವನ್ನು ತಮ್ಮನಿಗೂ ಹೇಳದ ನನ್ನ ಗಂಡ ಈ ವಿದ್ಯೆಯನ್ನು ಮಾತ್ರ ನಾಲ್ಕು ಜನರಿಗೆ ಧಾರಾಳವಾಗಿ ಹಂಚಿದ್ದರು. ಐದನೆಯದರಿಂದ ಉತ್ತರವೇ ಇರಲಿಲ್ಲ. ಜಲದುರ್ಗೆ ಹನ್ನೊಂದೂಕಾಲಿನಿಂದ ಸುದ್ದಿ ಇಲ್ಲ. ಪಾತ್ರೆಯ ಕೆಳಗಿತ್ತು.

ಭಟ್ಟರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅಡ್ಡದಾರಿ, ಬಂಗುಡೆ, ಪಾತ್ರೆ, ನಿನ್ನೆಯ ನನ್ನ ಮೌನ, ಯಾವುದನ್ನೂ ಬಿಡಲಿಲ್ಲ. ಅವರ ಮುಖ ಬಿಳಿಚಿಕೊಂಡಿತು.

“ನಿನ್ನೆಯೇ ಗೊತ್ತಿತ್ತಾ ನಿಮಗೆ?”

“ಗೊತ್ತಿತ್ತು ಸರ್.”

“ಎಂಥ ಕೆಲಸ ಮಾಡಿದ್ರಿ ಜಲಜಾಕ್ಷಿ! ಈಗ ಎಂತ ಮಾಡುದು? ಗಡಿಯಾರ ಸರಿ ಮಾಡ್ಲಿಕ್ಕೆ ಆಗುದಿಲ್ಲ ಅಂತ ನೀವೇ ಹೇಳ್ತೀರಿ. ಸೀದಾ ಸೊನ್ನೆ ಕಳಿಸುವನಾ?”

“ಸೊನ್ನೆ ಕಂಡ್ರೆ ಗಾಳಿ ಬಂದಾಯ್ತು ಅಂತ ಅರ್ಥ. ಅಳಿವೆಗೆ ಬರ್ಬೇಡಿ, ಆಳಕ್ಕೆ ತಿರುಗಿ ಅಂತ ನಾವೇ ಕಲಿಸಿದ್ದಲ್ವಾ? ಆಳಕ್ಕೆ ಹೋದವರಲ್ಲಿ ಎಷ್ಟು ಜನ ಬಂದಿದ್ದಾರೆ ಸರ್?” ಎಂದೆ. “ಒಂದೇ ದಾರಿ ಇರುದು. ಗಡಿಯಾರ ಎಷ್ಟು ಸುಳ್ಳು ಹೇಳ್ತದೋ ಅಷ್ಟೇ ಸುಳ್ಳು ನಾವೂ ಹೇಳ್ಬೇಕು. ರಫೀಕನ ಪೆಟ್ಟಿಗೆಗೆ ಗಾಳಿ ಹನ್ನೆರಡು ಹದಿನೆಂಟಕ್ಕೆ ಬರ್ತದೆ ಅಂತ ಕಳಿಸುವ. ಅದರ ಲೆಕ್ಕದಲ್ಲಿ ಉಳಿದ ಹೊತ್ತು ಸರಿಯಾಗಿ ಬರ್ತದೆ.”

ಭಟ್ಟರು ಹಣೆ ಒತ್ತಿಕೊಂಡರು. “ಸುಳ್ಳು ಎಚ್ಚರಿಕೆ ಕಳಿಸಿದ್ರೆ ನನ್ನ ಕುತ್ತಿಗೆಗೆ ಬರ್ತದೆ. ಬರೆದು ಸಹಿ ಹಾಕಿಕೊಡಿ.” ಅಲ್ಲಿದ್ದ ಹಾಜರಿ ಪುಸ್ತಕದ ಹಿಂದಿನ ಹಾಳೆ ಹರಿದು ಬರೆದುಕೊಟ್ಟೆ.

ನಾಲ್ಕು ಬೋಟುಗಳಿಗೆ ನಾಲ್ಕು ಸುಳ್ಳು ಹೋದವು. ಹತ್ತು ನಿಮಿಷದಲ್ಲಿ ನಾಲ್ಕೂ ಬಂದರಿನ ಕಡೆ ತಿರುಗಿದ್ದು ಪರದೆಯಲ್ಲಿ ಕಂಡಿತು. ಮುಮ್ತಾಜ್ ಕುರ್ಚಿಯನ್ನು ನನ್ನ ಕಡೆ ತಿರುಗಿಸಿದಳು.

“ಅಕ್ಕ, ನಿನ್ನೆ ನೀವು ನನ್ನ ಮೇಲೆ ಅನುಮಾನ ಪಟ್ಟಿರಿ. ಅಲ್ವಾ?”

“ಹೌದು.”

“ನಾನು ಎರಡು ದಿನದಿಂದ ನಿಮ್ಮ ಮೇಲೆಯೇ ಅನುಮಾನದಲ್ಲಿದ್ದೆ. ಗಂಡನಿಗೆ ನೀವೇ ಮಾಡಿಕೊಟ್ಟದ್ದು ಅಂತ. ನಮ್ಮ ಅಣ್ಣನ ಬೋಟೂ ಉಂಟಲ್ಲ, ಹಾಗೆ ಸುಮ್ನಿದ್ದೆ. ಚಂದ ಉಂಟು ಚಂದ ಉಂಟು ಅಂತ ನಿಮ್ಮ ಮುಖ ನೋಡ್ತಾ ಇದ್ದೆ.”

ಬೈಯಲು ಹೊತ್ತಿರಲಿಲ್ಲ. ಜಲದುರ್ಗೆ ಉಳಿದಿತ್ತು. ಪಾತ್ರೆ ತೆಗೆದಾಗ ಸಿಗಲಿ ಎಂದು ಉಪಗ್ರಹ ಸಂದೇಶವನ್ನು ಮತ್ತೆ ಮತ್ತೆ ಕಳುಹಿಸುತ್ತಲೇ ಇರುತ್ತದೆ. ಆದರೆ ಎಷ್ಟು ಸುಳ್ಳು ಹೇಳಬೇಕು? ಉತ್ತರವೇ ಬರದಿದ್ದರೆ ಗಡಿಯಾರ ಎಷ್ಟು ಹಿಂದಿದೆಯೆಂದು ತಿಳಿಯುವುದು ಹೇಗೆ? ಅದರ ದಿನದ ವರದಿಗಳೆಲ್ಲ ಪಾತ್ರೆ ತೆಗೆದಾಗ ಒಟ್ಟಿಗೆ ಬಂದು ಬೀಳುತ್ತಿದ್ದವು, ಯಾವುದು ಎಷ್ಟು ತಡವಾಗಿ ಬಂದದ್ದೆಂದು ಹೇಳುವ ಹಾಗಿರಲಿಲ್ಲ.

ಆಗ ಅತ್ತೆಯ ಊದುಬತ್ತಿ ನೆನಪಾಯಿತು. ಆ ದಿನದ ಎಂಜಿನ್ ವರದಿ ತೆಗೆದೆ. ಎಂಜಿನ್ ಒಮ್ಮೆ ನಿಧಾನವಾಗಿ, ಊದುಬತ್ತಿ ಉರಿದು ಮುಗಿಯುವಷ್ಟು ಹೊತ್ತು ಹಾಗೆಯೇ ಇದ್ದು, ಮತ್ತೆ ಜೋರಾಗಿತ್ತು. ಪೆಟ್ಟಿಗೆಯ ಪ್ರಕಾರ ಅದು ರಾತ್ರಿ ಎರಡು ನಲವತ್ತೈದಕ್ಕೆ. ಸೂರ್ಯ ಹುಟ್ಟಿದ್ದು ಆರು ಇಪ್ಪತ್ತೈದಕ್ಕೆ. ಮೂರು ಗಂಟೆ ನಲವತ್ತು ನಿಮಿಷ! ಯಾವ ಉಪಗ್ರಹವೂ ಹೇಳದ್ದನ್ನು ಮಾವನ ಕಾಲದ ಊದುಬತ್ತಿ ಹೇಳಿತೆಂದು ನನಗೆ ಆ ಹೊತ್ತಿನಲ್ಲೂ ಹೆಮ್ಮೆಯಾಯಿತು.

“ಎರಡೂವರೆಯಿಂದ ಮೂರು ನಲವತ್ತು ಕಳಿ. ಹತ್ತು ಐವತ್ತು ಅಂತ ಹಾಕು.”

“ಅರ್ಧ ಗಂಟೆ ಕಡಿಮೆ ಹಾಕುವನಾ ಅಕ್ಕ? ಯಾವುದಕ್ಕೂ ಇರ್ಲಿ.”

“ಬೇಡ. ಹನ್ನೊಂದೂಕಾಲಿನ ಮೇಲೆ ಅವರು ಎಷ್ಟು ದೂರ ಹೋಗಿದ್ದಾರೆ ಅಂತ ಗೊತ್ತಿಲ್ಲ. ಕಡಿಮೆ ಕಂಡ್ರೆ ಮುಟ್ಟುದಿಲ್ಲ ಅಂತ ಆಳಕ್ಕೆ ತಿರುಗಿಸ್ತಾರೆ. ನನ್ನ ಲೆಕ್ಕ ಸರಿ ಉಂಟು. ಕಳಿಸು!”

ಕಳುಹಿಸಿದಳು. ಹನ್ನೆರಡಾಯಿತು. ಹನ್ನೆರಡೂಕಾಲಾಯಿತು. ಉತ್ತರ ಬರಲಿಲ್ಲ. ಒಂದು ಗಂಟೆಗೂ ಬರಲಿಲ್ಲ.

ಒಂದೂವರೆಗೆ ನಾನು ಕೊಠಡಿಯಲ್ಲಿ ಕೂರಲಾರದೆ ಅಳಿವೆಯ ಕಲ್ಲುಕಟ್ಟೆಗೆ ಹೋಗಿ ನಿಂತೆ. ಸುದ್ದಿ ಹೇಗೋ ಹಬ್ಬಿ ಅತ್ತೆ, ನಾದಿನಿ, ಮಾರ್ಕೆಟ್ಟಿನ ಹೆಂಗಸರು ಎಲ್ಲ ಬಂದು ಸೇರಿದ್ದರು. ಜಲದುರ್ಗೆಯಲ್ಲಿ ನನ್ನ ಗಂಡನಲ್ಲದೆ ಇನ್ನೂ ಆರು ಜನ ಇದ್ದರು, ಅವರ ಮನೆಯವರೂ ಅಲ್ಲೇ ನಿಂತಿದ್ದರು. ಆಕಾಶದಲ್ಲಿ ಒಂದು ತುಂಡು ಮೋಡ ಇರಲಿಲ್ಲ. ಒಂದೊಂದೇ ಬೋಟು ಒಳಗೆ ಬಂತು. ‘ಸಮುದ್ರ ನೂರ್’ ಬಂದಾಗ ರಫೀಕ್ ಮುಖ ಆಚೆ ತಿರುಗಿಸಿಕೊಂಡಿದ್ದ.

“ನಿನ್ನ ಪೆಟ್ಟಿಗೆ ಎಂತ ಹೇಳ್ತದೆ ಈಗ?” ಎಂದು ಅತ್ತೆ ಕೊನೆಗೂ ಕೇಳಿದರು.

“ಎಂತದೂ ಹೇಳುದಿಲ್ಲ ಅತ್ತೆ.”

“ಹಾಗಾದ್ರೆ ನೀನು ಹೇಳು.”

ನಾನು ಕಣ್ಣಿಗೆ ಕೈ ಅಡ್ಡ ಹಿಡಿದು ಅಳಿವೆಯಾಚೆ ನೋಡಿದೆ. ಗಂಡನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಅದೂ ಆಗಲಿಲ್ಲ. ಬರಲಿ, ಒಮ್ಮೆ ಬರಲಿ ಎಂದಷ್ಟೇ ಬಾಯಲ್ಲಿ ಬರುತ್ತಿತ್ತು.

ಎರಡು ಇಪ್ಪತ್ತಕ್ಕೆ ಜಲದುರ್ಗೆಯ ಹಳದಿ ಮೂತಿ ಕಂಡಿತು. ಅದು ಅಳಿವೆ ದಾಟಿ ದಕ್ಕೆಗೆ ತಾಗಿ, ಹಗ್ಗ ಬಿಗಿದದ್ದೇ ತಡ, ಹೊರಗಿನ ಕಡಲು ಒಮ್ಮೆಗೇ ಬೆಳ್ಳಗಾಯಿತು. ನೀಲಿ ಆಕಾಶದ ಕೆಳಗೆ ಗಾಳಿ ಬಂದು ಬಡಿಯಿತು. ಕಲ್ಲುಕಟ್ಟೆಯ ಮೇಲೆ ನಿಲ್ಲಲಾಗದೆ ನಾವೆಲ್ಲ ಒಬ್ಬರನ್ನೊಬ್ಬರು ಹಿಡಿದುಕೊಂಡು ಮಂಜುಗಡ್ಡೆ ಕಾರ್ಖಾನೆಯ ಗೋಡೆಗೆ ಒರಗಿದೆವು. ಅಳಿವೆಯಲ್ಲಿ ತೆಂಗಿನಮರದೆತ್ತರದ ಅಲೆಗಳು ಏಳುತ್ತಿದ್ದವು. ನನ್ನ ಗಂಡ ಬೋಟಿನಿಂದ ಇಳಿದು ಬಂದವರು ಆ ಅಲೆಗಳನ್ನು ನೋಡಿ ಹಾಗೆಯೇ ನೆಲದ ಮೇಲೆ ಕೂತುಬಿಟ್ಟರು. ಅವರಿಗೆ ಯಾಕೆ ಅಷ್ಟು ಆಶ್ಚರ್ಯ ಎಂದು ನನಗೆ ಆಗ ಅರ್ಥವಾಗಲಿಲ್ಲ.

ಮರುದಿನ ಬೆಳಿಗ್ಗೆ ಅಡುಗೆಮನೆಯ ಅದೇ ಮೇಜಿನಲ್ಲಿ ಕೂತು ನಾನು ಭಟ್ಟರಿಗೆ ಕೊಡಬೇಕಾದ ವರದಿ ಬರೆಯುತ್ತಿದ್ದೆ. ಅಡ್ಡದಾರಿ ಉಳಿಸಿದ ತಪ್ಪು ನನ್ನದು ಎಂದು ಮೊದಲ ಸಾಲಿನಲ್ಲೇ ಬರೆದಾಗಿತ್ತು. ದೊಡ್ಡ ಪಾತ್ರೆ ಒಲೆಯ ಮೇಲೆ ವಾಪಸ್ಸು ಬಂದಿತ್ತು. ನನ್ನ ಗಂಡ ಎದುರಿಗೆ ಗಂಜಿಯ ಬಟ್ಟಲು ಇಟ್ಟುಕೊಂಡು ತಲೆ ತಗ್ಗಿಸಿ ಕೂತಿದ್ದರು. ರಾತ್ರಿಯಿಡೀ ನಾನು ಬೈದಿರಲಿಲ್ಲ. ಅದೇ ಅವರಿಗೆ ಹೆಚ್ಚು ಹೆದರಿಕೆ ಹುಟ್ಟಿಸಿದಂತಿತ್ತು.

“ಉತ್ತರ ಯಾಕೆ ಬರ್ಲಿಲ್ಲ?” ಎಂದು ಕೇಳಿದೆ.

“ಓದಿದ ಕೂಡಲೆ, ಉತ್ತರ ಹೋಗುವ ಮೊದಲೇ, ಪೆಟ್ಟಿಗೆಯ ತಂತಿ ಕಿತ್ತೆ.”

“ಯಾಕೆ?”

“ನಿನಗೆ ಗೊತ್ತಾಗಿದೆ ಅಂತ ಗೊತ್ತಾಯ್ತು. ಪಾತ್ರೆ ತೆಗೆದು ಮೂರು ಸಲ ಒತ್ತಿದ್ದೇ ಸೈ, ಸೈರನ್. ಆರು ಗಂಟೆ ಐವತ್ತೈದು ನಿಮಿಷ ಅಂತ ಬಂತು. ನಾನು ಲೆಕ್ಕ ನೋಡ್ತಾ ನೋಡ್ತಾ ಅದೇ ಮೂರು ಗಂಟೆ ಹದಿನೈದು ಆಯ್ತು. ಗಾಳಿ ಎಲ್ಲಿಯಾದ್ರೂ ಹಾಗೆ ಹಾರ್ತದಾ? ಆಕಾಶ ನೋಡಿದ್ರೆ ಶುದ್ಧ ನೀಲಿ. ಇದು ಇವಳದೇ ಕೆಲಸ ಅಂದುಕೊಂಡೆ. ಸುಳ್ಳು ಗಾಳಿ ಕಟ್ಟಿ ಮನೆಗೆ ಕರೀತಾ ಇದ್ದಾಳೆ, ಬೈಲಿಕ್ಕೆ.”

“ಗಾಳಿ ಇಲ್ಲ ಅಂತ ಅಂದುಕೊಂಡ್ರಾ?”

“ಗ್ಯಾರಂಟಿ ಇಲ್ಲ ಅಂತಲೇ ಇದ್ದೆ. ಅಳಿವೆ ನೋಡುವವರೆಗೆ.”

“ಮತ್ತೆ ಯಾಕೆ ಬಂದ್ರಿ ಮಾರಾಯ್ರೆ?”

“ತಡ ಆದಷ್ಟು ನಿನ್ನ ಬಾಯಿ ಜೋರಾಗ್ತದಲ್ಲ. ಆಗಲೇ ಬಲೆ ಎತ್ತಿ ಎಂಜಿನ್ ಪೂರಾ ಬಿಟ್ಟೆ.” ಸ್ವಲ್ಪ ನಗಲು ನೋಡಿದರು, ನನ್ನ ಮುಖ ನೋಡಿ ನಿಲ್ಲಿಸಿದರು. “ಅಂಕಿ ನಿಜ ಅಂತ ನಂಬಿದ್ದಿದ್ರೆ ಮತ್ತೊಂದು ಸಲ ಬಲೆ ಬಿಡ್ತಿದ್ದೆ. ನನಗೆ ಬಂದರಿಗೆ ಎರಡು ಗಂಟೆಯ ದಾರಿ. ಮೂರೂಕಾಲು ಗಂಟೆ ಇತ್ತಲ್ಲ, ಒಂದು ಗಂಟೆ ಧಾರಾಳ ಸಿಗ್ತಿತ್ತು. ಒಳ್ಳೆ ಮೀನಿತ್ತು.”

ನನ್ನ ಪೆನ್ನು ನಿಂತಿತು.

“ಪಾತ್ರೆ ತೆಗೆದದ್ದು ಎಷ್ಟು ಹೊತ್ತಿಗೆ?”

“ಹನ್ನೆರಡು ಐದು. ಕೈಯ ವಾಚು ನೋಡಿದ್ದೆ.”

ಹನ್ನೆರಡು ಐದಕ್ಕೆ ಎರಡೂವರೆಯ ಗಾಳಿಗೆ ಉಳಿದದ್ದು ಎರಡು ಗಂಟೆ ಇಪ್ಪತ್ತೈದು ನಿಮಿಷ. ಪೆಟ್ಟಿಗೆ ತೋರಿಸಿದ್ದು ಮೂರು ಹದಿನೈದು. ಐವತ್ತು ನಿಮಿಷ ಹೆಚ್ಚು! ಎಲ್ಲಿಂದ ಬಂತು ಐವತ್ತು? ಹನ್ನೊಂದೂಕಾಲಿನಿಂದ ಸುದ್ದಿ ಇಲ್ಲ ಎಂದು ಪರದೆಯೇ ಹೇಳುತ್ತಿತ್ತು. ಹನ್ನೊಂದೂಕಾಲಿನಿಂದ ಹನ್ನೆರಡು ಐದರವರೆಗೆ ಐವತ್ತು ನಿಮಿಷ. ಬೆಳಗಿನ ಊದುಬತ್ತಿಯವರೆಗಿನ ನಿದ್ದೆಯನ್ನೆಲ್ಲ ನಾನು ಎಣಿಸಿದ್ದೆ. ನಾನು ಕೂತು ಎಣಿಸುತ್ತಿದ್ದ ಅದೇ ಹೊತ್ತಿನಲ್ಲಿ ಪಾತ್ರೆಯ ಕೆಳಗೆ ಪೆಟ್ಟಿಗೆ ಮಲಗಿಯೇ ಇತ್ತು, ಅದನ್ನು ಎಣಿಸಿರಲಿಲ್ಲ. ಎದ್ದ ಮೇಲೆ ಅವರು ಮೂರು ಸಲ ಒತ್ತುತ್ತಾರೆ, ಗಡಿಯಾರ ಮತ್ತೆ ಹಿಂದೆ ಬೀಳುತ್ತದೆ ಎಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನು. ಅರ್ಧ ಗಂಟೆ ಕಡಿಮೆ ಹಾಕುವ ಎಂದ ಮುಮ್ತಾಜಳ ಬಾಯಿ ಮುಚ್ಚಿಸಿದವಳೂ ನಾನೇ.

“ಎಂತಾಯ್ತು ಜಲಜ? ಮುಖ ಯಾಕೆ ಹಾಗೆ ಮಾಡಿದ್ದಿ?”

“ನಾನು ಕಳಿಸಿದ ಅಂಕಿ ತಪ್ಪಿತ್ತು.” ಪೆನ್ನು ಕೆಳಗಿಟ್ಟೆ. “ಐವತ್ತು ನಿಮಿಷ ತಪ್ಪಿತ್ತು. ನೀವು ಅದನ್ನು ನಂಬಿ ಮತ್ತೊಂದು ಸಲ ಬಲೆ ಬಿಟ್ಟಿದ್ದಿದ್ರೆ...”

ಅವರು ಬಟ್ಟಲನ್ನು ಮೆಲ್ಲಗೆ ಆಚೆ ಸರಿಸಿದರು. ಆಮೇಲೆ ಅವರು ಕೈ ಚಾಚಿ ನನ್ನ ಕೈ ಹಿಡಿದರು. ಅವರ ಬೆರಳುಗಳು ತಣ್ಣಗಿದ್ದವು.

ಅತ್ತೆ ಒಲೆಯ ಕಡೆಯಿಂದ ತಿರುಗಿ, “ಎಂತ ಇಬ್ರೂ ಹಾಗೆ ಕೂತಿದ್ದೀರಿ? ಗಂಜಿ ತಣ್ಣಗಾಗ್ತದೆ,” ಎಂದರು.

ನಾನು ಕೈ ಬಿಡಿಸಿಕೊಂಡು ವರದಿಯ ಕೊನೆಯ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ಜಲದುರ್ಗೆಗೆ ಕಳುಹಿಸಿದ ಎಚ್ಚರಿಕೆಯಲ್ಲಿ ಐವತ್ತು ನಿಮಿಷದ ತಪ್ಪಿತ್ತು, ತಪ್ಪು ನನ್ನದು, ತಾಂಡೇಲರು ಎಚ್ಚರಿಕೆಯನ್ನು ನಂಬದೆ ಇದ್ದುದರಿಂದ ಏಳು ಜನ ಉಳಿದರು.